ದಾರಾವಾಹಿ

ಇದು ನಡೆದದ್ದನ್ನು ನಡೆದ ಹಾಗೇ ಹೇಳುವ ಕಥೆ. ಇದರಲ್ಲಿ ತಪ್ಪೆಂಬುದು ಒಂದೇ ಅಕ್ಷರದಷ್ಟಿದೆ. ಅದನ್ನೂ ಬಚ್ಚಿಡದೆ ತಲೆಬರಹದಲ್ಲೇ ಇಟ್ಟಿದೆ. ಕಣ್ಣು ಚುರುಕಾದವರು ಆಗಲೇ ಕೆಂಪು ಪೆನ್ನು ಹುಡುಕುತ್ತಿರಬಹುದು. ತಪ್ಪು ಅಚ್ಚಿನವರದಲ್ಲ, ಒಬ್ಬ ಕಟಿಂಗ್ ಮಾಸ್ಟರರದು. ದಿನವಿಡೀ ಥಾನುಗಟ್ಟಲೆ ಬಟ್ಟೆ ಸೀಳುವ ಆ ಮನುಷ್ಯ, ತಮ್ಮ ಹೊಲಿಗೆ ಅಂಗಡಿಯ ಟೀವಿಯ ಕೆಳಗೆ ಸೀಮೆಸುಣ್ಣದಲ್ಲಿ ಬೋರ್ಡು ಬರೆಯುವಾಗ 'ಧ' ಅಕ್ಷರದ ಹೊಟ್ಟೆ ಸೀಳುವುದನ್ನು ಮಾತ್ರ ಮರೆತುಬಿಟ್ಟಿದ್ದರು:

'ಎರಡೂವರೆಯಿಂದ ಮೂರು ದಾರಾವಾಹಿ ಸಮಯ. ಗಿರಾಕಿಗಳು ದಯವಿಟ್ಟು ಆಮೇಲೆ ಮಾತಾಡಿ.'

ಬರೆದು ಆರು ವರ್ಷವಾಗಿತ್ತು. ದಾರದ ಅಂಗಡಿಯಲ್ಲಿ ಬರುವುದು ದಾರಾವಾಹಿಯೇ, ತಿದ್ದುವುದು ಬೇಡ ಎಂದು ಮಾಸ್ಟರರ ಕಿರಿಮಗಳು ತೀರ್ಪು ಕೊಟ್ಟಿದ್ದಳು. ಪದವಿ ಮುಗಿಸಿ ಬಂದು ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದವಳು ಅವಳು. ಗುಂಡಿ ತೂರಲು ಬಟ್ಟೆಯಲ್ಲಿ ಸಣ್ಣ ಸೀಳು ಕೊಟ್ಟು, ಅದರ ಅಂಚಿಗೆಲ್ಲ ದಾರ ಸುತ್ತುವ ಕೆಲಸ. "ಬೇಕಾದ್ರೆ ಒಂದು ಕಾಜಾ ಹಾಕಿಕೊಡ್ತೀನಪ್ಪ, 'ದ' ಹೋಗಿ 'ಧ' ಆಗುತ್ತೆ. ಆದ್ರೆ ಅದಕ್ಕೆ ಸರಿಯಾದ ಗುಂಡಿ ನೀವೇ ಹುಡುಕಬೇಕು" ಎಂದಿದ್ದಳು. ಮಾಸ್ಟರರು ಬೋರ್ಡನ್ನು ಹಾಗೇ ಬಿಟ್ಟಿದ್ದರು. ಅವಳ ಬಾಯಿಗೆ ಸಿಕ್ಕಿದ ಮಾತು ಕತ್ತರಿಗೆ ಸಿಕ್ಕಿದ ಬಟ್ಟೆಯ ಹಾಗೆ, ಮತ್ತೆ ಮೊದಲಿನ ಅಗಲಕ್ಕೆ ಬರುತ್ತಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಆ ಬೋರ್ಡಿನ ಎದುರು, ಗಿರಾಕಿಗಳ ಸ್ಟೂಲಿನ ಮೇಲೆ, ತೊಡೆಯ ಮೇಲೊಂದು ಚೀಲ ಇಟ್ಟುಕೊಂಡು ಕುಳಿತಿದ್ದವನು ಮಾಸ್ಟರರ ಅಳಿಯ. ಹಿರಿಮಗಳ ಗಂಡ. ಧಾರಾವಾಹಿಗೆ, ಹೊಟ್ಟೆ ಸೀಳಿದ ಧಾರಾವಾಹಿಗೆ, ಸಂಭಾಷಣೆ ಬರೆಯುವುದು ಅವನ ಕಸುಬು. ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಕರೆಯುವುದು ಚುಕ್ಕೆ ಎಂದು. ಯಾಕೆಂದರೆ ಅವನ ಪುಟಗಳಲ್ಲಿ ಮಾತಿಗಿಂತ ಚುಕ್ಕೆ ಹೆಚ್ಚು. 'ಸೊಸೆ: ನೀವು....' 'ಗಂಡ: ......' 'ಸೊಸೆ: (ಕಿಟಕಿಯ ಕಡೆ) ............' ಹೀಗೆ. ನಾಲ್ಕು ಚುಕ್ಕೆ ಎಂದರೆ ನೋವು, ಆರು ಎಂದರೆ ಅನುಮಾನ, ಸಾಲು ತುಂಬ ಚುಕ್ಕೆ ಬಂದರೆ ಕೊಳಲು. ನಟನಟಿಯರಿಗೆ ಅವನೆಂದರೆ ಪ್ರಾಣ. ಬಾಯಿಪಾಠದ ಕಾಟವೇ ಇಲ್ಲ.

ಆದರೆ ಅವನು ಬರೆಯುತ್ತಿದ್ದ 'ನೆರಳಿಲ್ಲದ ಕನ್ನಡಿ'ಯ ಪ್ರಾಣ ಮಾತ್ರ ಈಗ ಗಂಟಲಿಗೆ ಬಂದಿತ್ತು. ಅದು ಬರುವ ಹೊತ್ತಿಗೇ ಪಕ್ಕದ ಚಾನೆಲಿನಲ್ಲಿ 'ಅತ್ತಿಗೆ ಬಂದ್ರು, ಬಾಗಿಲು ತೆಗಿ' ಎಂಬುದು ಬರುತ್ತಿತ್ತು. ಊರೆಲ್ಲ ಅತ್ತಿಗೆಗೆ ಬಾಗಿಲು ತೆಗೆದು, ಕನ್ನಡಿಗೆ ಬೆನ್ನು ಹಾಕಿತ್ತು. ಸೋಮವಾರ ಚಾನೆಲಿನ ಮುಖ್ಯಸ್ಥೆ ಅವನನ್ನು ಕರೆಸಿ ಹೇಳಿದ್ದರು: "ಶುಕ್ರವಾರ ಬೆಳಿಗ್ಗೆ ಮೀಟಿಂಗ್. ಜನ ಅದನ್ನ ಯಾಕೆ ನೋಡ್ತಾರೆ, ನಮ್ಮದನ್ನ ಯಾಕೆ ನೋಡಲ್ಲ, ಒಂದೇ ಸಾಲಲ್ಲಿ ಹೇಳಿ. ಚುಕ್ಕೆ ಇಲ್ಲದ ಸಾಲು. ಉತ್ತರ ಸಿಕ್ಕಿದ್ರೆ ಮುಂದುವರಿಸೋಣ. ಸಿಗಲಿಲ್ಲ ಅಂದ್ರೆ ತಿಂಗಳ ಕೊನೆಗೆ ಪಾತ್ರಗಳನ್ನೆಲ್ಲ ಒಂದು ಬಸ್ಸಿಗೆ ಹತ್ತಿಸಿ, ಬಸ್ಸನ್ನ ಗುಡ್ಡದಿಂದ ಉರುಳಿಸಿ, ಕಥೆ ಮುಗಿಸಿ."

ಆ ಬಸ್ಸಿನಲ್ಲಿ ತನಗೂ ಒಂದು ಸೀಟು ಇದೆಯೆಂದು ಚುಕ್ಕೆಗೆ ಗೊತ್ತಿತ್ತು. ಈ ಕೆಲಸ ಹೋದರೆ ಚುಕ್ಕೆ ಇಡುವವನಿಗೆ ಕೆಲಸ ಕೊಡುವ ಇನ್ನೊಂದು ಜಾಗ ಅವನು ಕಂಡಿರಲಿಲ್ಲ.

ಚೀಲದಲ್ಲಿ ನಲವತ್ತು ಫಾರಮುಗಳಿದ್ದವು. ಚಾನೆಲಿನ ಹುಡುಗಿಯರು ಮನೆ, ಅಂಗಡಿ, ಕಾರ್ಖಾನೆ ಸುತ್ತಿ, ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆದು ತಂದಿದ್ದ ಉತ್ತರಗಳು. ಮೊದಲ ಪ್ರಶ್ನೆ ಸುಲಭದ್ದು: ಮಧ್ಯಾಹ್ನದ ಧಾರಾವಾಹಿಯನ್ನು ನೀವು ಹೇಗೆ ನೋಡುತ್ತೀರಿ? ಒಬ್ಬರೇ, ಮನೆಯವರ ಜೊತೆ, ಇಲ್ಲಾ ಮೊಬೈಲಿನಲ್ಲಿ ಎಂದು ಹೇಳಿದ್ದರೆ ಸಾಕಿತ್ತು. ಆದರೆ ನಲವತ್ತರಲ್ಲಿ ಇಪ್ಪತ್ತಾರು ಜನ ಒಬ್ಬರ ಬಾಯಿಂದ ಇನ್ನೊಬ್ಬರು ಕದ್ದ ಹಾಗೆ ಎರಡೇ ಪದ ಹೇಳಿದ್ದರು: 'ಕೇಳಿ ನೋಡ್ತೀವಿ.' ಯಾರನ್ನು ಕೇಳಬೇಕು ಇವರು? ಟೀವಿ ನೋಡುವುದಕ್ಕೂ ಮನೆಯಲ್ಲಿ ಅಪ್ಪಣೆಯೇ? ಉತ್ತರ ಕೊಡದೆ ಜಾರಿಕೊಳ್ಳುವ ಉಪಾಯ ಇದು ಎಂದು ಚುಕ್ಕೆ ಆ ಇಪ್ಪತ್ತಾರನ್ನೂ ಬೇರೆ ಮಾಡಿ, ರಬ್ಬರ್ ಬ್ಯಾಂಡು ಹಾಕಿ, ಮೇಲೆ 'ಉತ್ತರ ಇಲ್ಲ' ಎಂದು ಬರೆದಿಟ್ಟಿದ್ದ. ಉಳಿದ ಹದಿನಾಲ್ಕರಿಂದ ಏನೂ ಹೊರಡಲಿಲ್ಲ. ಕೊನೆಗೆ ಮನೆಯವರನ್ನೇ ವಿಚಾರಿಸೋಣವೆಂದು ಮಾವನ ಅಂಗಡಿಗೆ ಬಂದಿದ್ದ.

ಅಂಗಡಿ ಉದ್ದನೆಯ ಒಂದೇ ಕೋಣೆ. ಬೆಳಕು ಬರುವುದು ಬೀದಿಯ ಕಡೆಯ ಕಿಟಕಿಯಿಂದ. ಆದ್ದರಿಂದ ಕಟಿಂಗ್ ಮೇಜು, ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಕಾಜಾದವಳ ಕುರ್ಚಿ, ಎಲ್ಲವೂ ಕಿಟಕಿಗೆ ಮುಖ ಮಾಡಿದ್ದವು. ಟೀವಿ ಇದ್ದದ್ದು ಹಿಂದಿನ ಗೋಡೆಯಲ್ಲಿ, ಬಟ್ಟೆ ಹಾಕಿ ನೋಡುವ ಟ್ರಯಲ್ ಕೋಣೆಯ ಎದುರಿಗೆ. ಅದರ ಸ್ವಂತ ಸ್ಪೀಕರು ಸತ್ತು ಎಷ್ಟೋ ಕಾಲವಾಗಿತ್ತು. ಇಸ್ತ್ರಿ ಹಾಕುವವನು, ಎಲ್ಲರೂ ಇಸ್ತ್ರಿಯಣ್ಣ ಎನ್ನುವವನು, ಹಳೇ ಸ್ಪೀಕರ್ ಪೆಟ್ಟಿಗೆಯೊಂದನ್ನು ತಂದು, ತಂತಿ ಎಳೆದು, ನೂಲಿನ ಧೂಳು ಬೀಳದಿರಲೆಂದು ಟ್ರಯಲ್ ಕೋಣೆಯ ಪರದೆಯ ಹಿಂದೆ ಇಟ್ಟಿದ್ದ. ಎರಡೂವರೆಯ ಮೇಲೆ ಪ್ಯಾಂಟು ಹಾಕಿ ನೋಡಲು ಒಳಗೆ ಹೋದವರ ಮೊಣಕಾಲ ಹತ್ತಿರದಿಂದ ಅತ್ತಿಗೆ ಅಳುತ್ತಿದ್ದಳು.

"ಬನ್ನಿ ಅಳಿಯಂದ್ರೇ, ಬಡಕಲಾಗಿದೀರಾ" ಎಂದರು ಅತ್ತೆ, ಯಂತ್ರದಿಂದ ಕಣ್ಣೆತ್ತದೆ. ಆಸ್ಪತ್ರೆಯ ಪ್ರಯೋಗಾಲಯಕ್ಕೆ ನಲವತ್ತು ಬಿಳಿ ಕೋಟು ಶನಿವಾರಕ್ಕೆ ಕೊಡಬೇಕಿತ್ತು. ಅತ್ತೆಯ ಪಾಲಿಗೆ ತೋಳುಗಳು ಬಂದಿದ್ದವು.

"ನೋಡ್ದೇನೇ ಬಡಕಲಾಗಿದೀನಿ ಅಂತ ಹೇಗೆ ಹೇಳಿದ್ರಿ ಅತ್ತೆ?"

"ಸ್ಟೂಲು ಕಿರುಗುಟ್ಟಲಿಲ್ಲವಲ್ಲ."

ಮಾವ ಕತ್ತರಿ ನಿಲ್ಲಿಸಿ ಸಂಕಟ ಏನೆಂದು ವಿಚಾರಿಸಿದರು. ಚುಕ್ಕೆ ಎಲ್ಲವನ್ನೂ ಹೇಳಿದ. ಮೀಟಿಂಗು, ಒಂದು ಸಾಲು, ಬಸ್ಸು, ಗುಡ್ಡ. ಹೇಳಿ ಮುಗಿಸಿ, "ಸತ್ಯ ಹೇಳಿ. ನೀವು ಎರಡೂವರೆಗೆ ನೋಡೋದು ಯಾವುದು?" ಎಂದು ಕೇಳಿದ.

ಕತ್ತರಿ ಮತ್ತೆ ಶುರುವಾಯಿತು. ಯಂತ್ರದ ವೇಗ ಹೆಚ್ಚಾಯಿತು. ಇಸ್ತ್ರಿಪೆಟ್ಟಿಗೆಗೆ ಇದ್ದಕ್ಕಿದ್ದಂತೆ ನೀರು ಬೇಕಾಯಿತು.

"ಅತ್ತಿಗೆನ" ಎಂದಳು ಕಾಜಾದ ನಾದಿನಿ, ಬಾಯಲ್ಲಿದ್ದ ದಾರ ಕಡಿದು. "ಯಾಕೆ ಭಾವ ಇವರ ಬಾಯಿ ಬಿಡಿಸ್ತೀರಿ? ಯಾವಾಗಲೋ ಒಂದಿನ ನಿಮ್ಮದು ಹಾಕಿ, ನಿಮ್ಮೆದುರು ಚೆನ್ನಾಗಿದೆ ಚೆನ್ನಾಗಿದೆ ಅಂತ ವರ್ಷದಿಂದ ಎಲ್ಲರೂ ನಟನೆ ಮಾಡ್ತಾ ಇದಾರೆ. ನಿಮ್ಮ ನಟರಿಗಿಂತ ವಾಸಿ."

ಚುಕ್ಕೆಯ ಮುಖ ಸಾಲು ತುಂಬ ಚುಕ್ಕೆಯಾಯಿತು. "ಸರಿ. ಬೇಜಾರಿಲ್ಲ. ಯಾಕೆ ಅಂತಾದ್ರೂ ಹೇಳಿ" ಎಂದು ಪುಸ್ತಕ ತೆಗೆದ.

ಮಾವ ಗಂಟಲು ಸರಿಮಾಡಿಕೊಂಡರು. "ನೋಡಿ ಅಳಿಯಂದ್ರೇ, ಆ ಸೀರಿಯಲ್ಲು ಓಡಲ್ಲ. ಅದೇ ಅದರ ಗುಣ. ಹೋದ ತಿಂಗಳು ಶಾಲೆ ಮಕ್ಕಳ ಅಳತೆ ತಗೊಳ್ಳೋಕೆ ನಾಲ್ಕು ದಿನ ಹೋಗಿದ್ದೆ. ಹೋಗುವಾಗ ಅತ್ತಿಗೆ ಹೊಸಲು ದಾಟ್ತಾ ಇದ್ಲು. ಬಂದಾಗ ಇನ್ನೂ ಒಂದು ಕಾಲು ಹೊರಗೇ ಇತ್ತು. ಎಷ್ಟು ನೆಮ್ಮದಿ. ನಿಮ್ಮದರಲ್ಲಿ ಒಂದು ಕಾಲರ್ ಕತ್ತರಿಸಿ ಮುಗಿಸೋದ್ರೊಳಗೆ ಯಾರೋ ಮದುವೆಯಾಗಿ, ಮಗುವಾಗಿ, ಅದಕ್ಕೆ ಮರೆವಿನ ಕಾಯಿಲೆ ಬಂದಿರುತ್ತೆ."

'ನಿಧಾನಗತಿ' ಎಂದು ಚುಕ್ಕೆ ಬರೆದುಕೊಂಡ.

"ನನಗೆ ಅದರ ಜಗಳ ಇಷ್ಟ ಸಾರ್" ಎಂದ ಇಸ್ತ್ರಿಯಣ್ಣ. "ಒಂದು ಜಗಳಕ್ಕೆ ಸರಿಯಾಗಿ ಎರಡು ಕೋಟು. ಅತ್ತಿಗೆ ಬೈಯೋಕೆ ಶುರು ಮಾಡಿದ ಕೂಡ್ಲೆ ಬೆನ್ನಿನ ಭಾಗ ಶುರು ಮಾಡ್ತೀನಿ. ಮೈದುನ ತಿರುಗಿಸಿ ಬೈಯುವಾಗ ತೋಳು. ಅತ್ತೆ ಮಧ್ಯೆ ಬರೋ ಹೊತ್ತಿಗೆ ಕಾಲರ್. ನಿಮ್ಮದರಲ್ಲಿ ಯಾರು ಯಾವಾಗ ಸಿಟ್ಟಾದ್ರು ಅಂತಾನೇ ತಿಳಿಯಲ್ಲ. ಹೋದ ವರ್ಷ ಒಂದು ಪ್ಯಾಂಟು ಸುಟ್ಟೆ."

'ಸಂಘರ್ಷ' ಎಂದು ಬರೆದುಕೊಂಡ ಚುಕ್ಕೆ.

"ನನಗೇನಪ್ಪ, ಆ ಸೀರಿಯಲ್ಲಿನೋರು ಮರ್ಯಾದಸ್ಥರು" ಎಂದರು ಅತ್ತೆ. "ಮಾತಿಗೆ ಮುಂಚೆ ಅತ್ತಿಗೆ, ಮೈದುನ, ದೊಡ್ಡಪ್ಪ ಅಂತ ವರಸೆ ಹಿಡಿದು ಕರೀತಾರೆ. ಬಂದವರು ಬಂದೆ ಅಂತಾರೆ, ಹೋಗೋರು ಹೋಗ್ತೀನಿ ಅಂತ ಹೇಳಿ ಹೋಗ್ತಾರೆ. ನಿಮ್ಮೋರು ಯಾಕೆ ಹಾಗೆ ಹೇಳದೆ ಕೇಳದೆ ಬರ್ತಾರೆ, ಹೋಗ್ತಾರೆ?"

'ಕೌಟುಂಬಿಕ ಮೌಲ್ಯ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಆದರೂ ಅವನಿಗೆ ಸಮಾಧಾನವಾಗಲಿಲ್ಲ. "ಅತ್ತೆ, ಅದು ಬರವಣಿಗೆಯೇ ಅಲ್ಲ. ನಿನ್ನೆ ನಾನೇ ನೋಡಿದೆ. 'ಅತ್ತಿಗೆ, ಬಲಗೈಯಲ್ಲಿ ಹಿಡ್ಕೊಂಡಿರೋ ಆ ಹಳೇ ಕಬ್ಬಿಣದ ಪೆಟ್ಟಿಗೆಯನ್ನ ಊಟದ ಮೇಜಿನ ಮೇಲೆ ಯಾಕೆ ಇಡ್ತಾ ಇದೀರಾ?' ಅಂತ ಕೇಳ್ತಾನೆ ಮೈದುನ. ಪೆಟ್ಟಿಗೆ ಕಾಣ್ತಾ ಇದೆ, ಮೇಜು ಕಾಣ್ತಾ ಇದೆ, ಕೈ ಕಾಣ್ತಾ ಇದೆ. ಯಾರಿಗೆ ಹೇಳ್ತಾ ಇದಾನೆ ಅವನು? ಅವರ ಮನೇಲಿ ಎಲ್ಲರೂ ಕುರುಡರಾ?"

"ಮತ್ತೆ ನಿಮ್ಮೋರೆಲ್ಲ ಮೂಗರಾ ಭಾವ?" ಎಂದಳು ನಾದಿನಿ.

"ಅದು... ಏನಂದ್ರೆ..." ಚುಕ್ಕೆ ಕಿಟಕಿಯ ಕಡೆ ನೋಡಿದ. ಬಾಯಲ್ಲಿಯೂ ಅವನದು ಚುಕ್ಕೆಯ ಶೈಲಿಯೇ. "ಮಾತು ಮುಗಿದ ಮೇಲೇ ಭಾವ ಶುರುವಾಗೋದು."

"ಸರಿಯಾಗಿ ಹೇಳಿದ್ರಿ. ನಮ್ಮಕ್ಕನೂ ಹಾಗೇ ಹೇಳ್ತಾಳೆ. 'ನನ್ನ ಮಾತೆಲ್ಲ ಮುಗಿದ ಮೇಲೆ ನಿಮ್ಮ ಭಾವ ಶುರುವಾಗ್ತಾರೆ, ಅದು, ಏನಂದ್ರೆ, ಅಂತ.'" ಅಕ್ಕನ ಧ್ವನಿ, ಅಕ್ಕ ಕತ್ತು ಓರೆ ಮಾಡುವ ರೀತಿ, ಕೊನೆಗೆ ಭಾವನ ತಡವರಿಕೆ, ಮೂರೂ ಒಂದೇ ಉಸಿರಿನಲ್ಲಿ ಬಂದವು. ಇಸ್ತ್ರಿಯಣ್ಣ ಬಾಗಿ ತಂತಿ ಸರಿಮಾಡುವ ನೆಪದಲ್ಲಿ ನಕ್ಕ. ನಾದಿನಿಗೆ ಇದು ಹುಟ್ಟುಗುಣ. ಗಿರಾಕಿ ಅಂಗಡಿಯಿಂದ ಇಳಿಯುವ ಮೊದಲೇ ಅವರ ಧ್ವನಿ ಅವಳ ಗಂಟಲಿಗೆ ಅಳತೆ ಕೊಟ್ಟಿರುತ್ತಿತ್ತು.

ಎರಡು ಇಪ್ಪತ್ತೈದಕ್ಕೆ ಅವಳು ಎದ್ದಳು. "ಬಿಳಿ ದಾರ ಮುಗೀತು. ತಗೊಂಡು ಬರ್ತೀನಿ" ಎಂದು ಮುಂದಿನ ಬಾಗಿಲಿಂದ ಹೋದಳು. ಡಬ್ಬಿಯಲ್ಲಿ ಮೂರು ಬಿಳಿ ಉರುಳೆಗಳಿದ್ದವು. ಅದನ್ನು ಕಂಡವನು ಇಸ್ತ್ರಿಯಣ್ಣ ಒಬ್ಬನೇ. ಅವನು ಡಬ್ಬಿಯ ಮುಚ್ಚಳ ಹಾಕಿದ.

"ಇವತ್ತು ಅಳಿಯಂದ್ರದ್ದೇ ಹಾಕಪ್ಪ" ಎಂದರು ಮಾವ, ದೊಡ್ಡ ಮನಸ್ಸು ಮಾಡಿ. ರಿಮೋಟು ಕಳೆದು ಮೂರು ವರ್ಷವಾದ್ದರಿಂದ ಇಸ್ತ್ರಿಯಣ್ಣ ಅಳತೆಯ ಉದ್ದ ಕೋಲು ಎತ್ತಿ, ಅದರ ತುದಿಯಿಂದ ಟೀವಿಯ ಗುಂಡಿ ಒತ್ತಿ ಚಾನೆಲು ಬದಲಿಸಿದ. 'ನೆರಳಿಲ್ಲದ ಕನ್ನಡಿ' ಶುರುವಾಯಿತು. ಚುಕ್ಕೆ ಬೆನ್ನು ನೆಟ್ಟಗೆ ಮಾಡಿದ. ಇವತ್ತಿನ ದೃಶ್ಯ ಅವನ ಮುದ್ದಿನ ದೃಶ್ಯ. ಸೊಸೆ ಕಿಟಕಿಯ ಬಳಿ ನಿಂತು ಒಂದು ಕಾಗದ ಓದುತ್ತಾಳೆ, ಬಚ್ಚಿಡುತ್ತಾಳೆ, ಮೆಟ್ಟಿಲ ಮೇಲೆ ನಿಂತ ಗಂಡ ನೋಡಿಬಿಡುತ್ತಾನೆ. ಏಳು ನಿಮಿಷ, ಒಂದು ಮಾತಿಲ್ಲ. ಆ ಏಳು ನಿಮಿಷದ ಚುಕ್ಕೆಗಳನ್ನು ಅವನು ಮೂರು ದಿನ ಕೂತು ಇಟ್ಟಿದ್ದ.

ಕೊಳಲು ಹರಿಯಿತು. ಸೊಸೆಯ ಕಣ್ಣಂಚಿನಲ್ಲಿ ಒಂದು ಹನಿ ನಿಂತಿತು. ಚುಕ್ಕೆ ಮೆಲ್ಲಗೆ ಅಂಗಡಿಯವರ ಕಡೆ ನೋಡಿದ. ಮೂರು ಬೆನ್ನು ಕಂಡವು. ಮಾವ ಆಕಳಿಸುತ್ತಿದ್ದರು. ಅತ್ತೆ ತೋಳಿಗೆ ಸೂಜಿ ಇಳಿಸಿ, "ಸೌಂಡು ಹೋಯ್ತಾ?" ಎಂದರು.

"ಇಲ್ಲ ಅತ್ತೆ. ಅದು ಮೌನ. ಕೊಳಲು ಬರ್ತಾ ಇದೆಯಲ್ಲ."

"ಓ. ನಾನು ಜಾಹೀರಾತು ಅಂದ್ಕೊಂಡೆ."

ಅಷ್ಟರಲ್ಲಿ ಕೊಳಲು ಸಣ್ಣದಾಗುತ್ತಾ ಬಂದು ನಿಂತೇ ಹೋಯಿತು. ಪರದೆಯ ಹಿಂದಿನಿಂದ ಸೊಸೆಯ ಧ್ವನಿ ಕೇಳಿಸಿತು. ಅದೇ ಸ್ವಲ್ಪ ಮೂಗಿನ ಧ್ವನಿ, ವಾಕ್ಯದ ಕೊನೆಯನ್ನು ಮೇಲಕ್ಕೆತ್ತುವ ಅದೇ ರಾಗ.

"ಅಯ್ಯೋ, ಯಾರ ಕಾಗದ ಇದು? ಕೈಬರಹ ನೋಡಿದ್ರೆ ನಮ್ಮತ್ತೆದೇ ಇದ್ದ ಹಾಗಿದೆಯಲ್ಲ."

ಚುಕ್ಕೆ ಟೀವಿಯ ಕಡೆ ಬಗ್ಗಿದ. ಟೀವಿಯಲ್ಲಿ ಸೊಸೆ ಕ್ಯಾಮೆರಾಕ್ಕೆ ಮುಕ್ಕಾಲು ಬೆನ್ನು ಹಾಕಿ ನಿಂತಿದ್ದಳು, ತುಟಿ ಕಾಣುತ್ತಿರಲಿಲ್ಲ. ಅಲ್ಲಿ ಅವನು ಬರೆದದ್ದು ಹನ್ನೆರಡು ಚುಕ್ಕೆ. ಎಣಿಸಿ ಬರೆದಿದ್ದ.

"ಅತ್ತೆ ಕೈಬರಹವಾ?" ಎಂದರು ಅತ್ತೆ, ತಿರುಗದೆ. "ಆಯಮ್ಮ ತೀರಿಕೊಂಡಳಲ್ಲ?"

"ಇಲ್ಲ ಅತ್ತೆ, ಬದುಕಿದಾಳೆ" ಎಂದ ಚುಕ್ಕೆ, ಯಾವುದಕ್ಕೆ ಉತ್ತರ ಕೊಡುತ್ತಿದ್ದೇನೆಂದು ತಿಳಿಯದೆ.

"ಹೋದ ತಿಂಗಳು ಕೊಳಲು ಊದಿದ್ರಲ್ಲ?"

"ಅದು ಪಶ್ಚಾತ್ತಾಪದ ಕೊಳಲು."

"ಸಾವಿಗೂ ಪಶ್ಚಾತ್ತಾಪಕ್ಕೂ ಒಂದೇ ಕೊಳಲು ಊದಿದ್ರೆ ನಮಗೆ ಹೇಗಪ್ಪ ಗೊತ್ತಾಗ್ಬೇಕು? ಒಂದು ತಿಂಗಳು ಸುಮ್ನೆ ಸಂಕಟಪಟ್ಟೆ."

"ಈ ಕಾಗದ ನಮ್ಮ ಯಜಮಾನ್ರ ಕೈಗೆ ಸಿಕ್ಕಿದ್ರೆ ನನ್ನ ಕಥೆ ಮುಗೀತು" ಎಂದಳು ಸೊಸೆ. "ಇದನ್ನ ಈ ಹೂವಿನ ಕುಂಡದ ಕೆಳಗೆ ಬಚ್ಚಿಡ್ತೀನಿ. ಇಟ್ಟೆ. ಹಾಂ, ಯಾರದು ಮೆಟ್ಟಿಲ ಮೇಲೆ? ರೀ, ನೀವಾ? ಆ ನೀಲಿ ಕೋಟು ಹಾಕ್ಕೊಂಡು ಎಷ್ಟು ಹೊತ್ತಿಂದ ಅಲ್ಲಿ ನಿಂತಿದೀರಾ?"

"ಕುಂಡದ ಕೆಳಗೆ ಯಾಕೆ ಇಟ್ಲು ಮಂಕು?" ಅತ್ತೆಯ ಯಂತ್ರ ಈಗ ತಾಳ ಹಿಡಿದು ಓಡುತ್ತಿತ್ತು. "ಗಿಡಕ್ಕೆ ನೀರು ಹಾಕಿದ್ರೆ ನೆನೆದು ಮುದ್ದೆಯಾಗಲ್ವಾ? ಅಕ್ಕಿ ಡಬ್ಬಿಲಿ ಇಡಬೇಕಿತ್ತು."

"ನೀಲಿ ಕೋಟಾ?" ಎಂದ ಇಸ್ತ್ರಿಯಣ್ಣ ಗಂಭೀರವಾಗಿ. "ಮಧ್ಯಾಹ್ನದ ಹೊತ್ತು ಮನೇಲಿ ಕೋಟು ಹಾಕ್ಕೊಂಡು ನಿಂತಿದಾನೆ ಅಂದ್ರೆ ಆ ಗಂಡಸಿನ ಮೇಲೆ ನನಗೆ ಅನುಮಾನ."

ಚುಕ್ಕೆಯ ಎದೆಯಲ್ಲಿ ಎರಡು ಬಗೆಯ ಬಡಿತ ಒಟ್ಟಿಗೇ ಶುರುವಾಯಿತು. ಯಾರೋ ತನ್ನ ಮೌನಕ್ಕೆ ಕೈ ಹಾಕಿ ಮಾತು ತುರುಕಿದ್ದಾರೆ, ಅದು ಒಂದು. ಇನ್ನೊಂದನ್ನು ಒಪ್ಪಿಕೊಳ್ಳಲು ಅವನಿಗೇ ನಾಚಿಕೆ: ಒಂದು ವರ್ಷದಲ್ಲಿ ಮೊದಲ ಸಲ ಅತ್ತೆ ಅವನ ಸೊಸೆಯನ್ನು ಮಂಕು ಎಂದು ಬೈದಿದ್ದರು. ಅತ್ತೆ ಬೈದರೆಂದರೆ ಅದು ಮನೆಯವಳಾದಳೆಂದು ಅರ್ಥ. ಅವನಿಗೂ ಮದುವೆಯಾಗಿ ಎರಡು ವರ್ಷದ ಮೇಲೇ ಅತ್ತೆಯಿಂದ ಮೊದಲ ಬೈಗುಳ ಸಿಕ್ಕಿದ್ದು.

ಮೊದಲನೆಯ ಬಡಿತವೇ ಗೆದ್ದಿತು. ಎದ್ದು ನಿಂತು ಫೋನು ತೆಗೆದು ನಿರ್ದೇಶಕರಿಗೆ ಮಾಡಿದ.

"ಸಾರ್, ಇವತ್ತಿನ ಕಂತಿಗೆ ಡೈಲಾಗು ಸೇರಿಸಿದೋರು ಯಾರು?"

"ಡೈಲಾಗಾ?" ಎಂದರು ನಿರ್ದೇಶಕರು, ನಿದ್ದೆಯಿಂದ ಎದ್ದವರ ಹಾಗೆ. "ನಮ್ಮ ಸೀರಿಯಲ್ಲಲ್ಲಿ ಡೈಲಾಗು ಇದೆ ಅಂತ ನಿಮಗೆ ಯಾರು ಹೇಳಿದ್ರು?"

"ಈಗ ಬರ್ತಾ ಇದೆ. ಸೊಸೆ ಮಾತಾಡ್ತಾ ಇದಾಳೆ."

"ನಾನೂ ನೋಡ್ತಾ ಇದೀನಿ ಮಾರಾಯ. ಇಲ್ಲಿ ಕೊಳಲು ಬರ್ತಾ ಇದೆ. ನೀವು ಮಧ್ಯಾಹ್ನ ಊಟ ಮಾಡಿದ್ರಾ?"

ಚುಕ್ಕೆ ಫೋನು ಕಿವಿಗಿಟ್ಟುಕೊಂಡೇ ಟೀವಿಯ ಕಡೆ ತಿರುಗಿದ.

"ಫೋನಲ್ಲಿ ಯಾರ ಹತ್ರ ಚಾಡಿ ಹೇಳ್ತಾ ಇದೀರಾ ಭಾವ?" ಎಂದಳು ಸೊಸೆ.

ಧಾರಾವಾಹಿಯಲ್ಲಿ ಸೊಸೆಗೆ ಒಬ್ಬ ಭಾವನಿದ್ದದ್ದು ನಿಜ. ಆದರೆ ಅವನು ಇವತ್ತಿನ ಕಂತಿನಲ್ಲಿ ಊರಲ್ಲಿರಲಿಲ್ಲ. ಚುಕ್ಕೆಯೇ ಅವನನ್ನು ಕಳಿಸಿದ್ದ. ಟೀವಿಯಲ್ಲಿ ಈಗ ಗಂಡನ ಹಿಂಬದಿ ತಲೆ ಬಂತು, ದೊಡ್ಡದಾಗಿ, ಕಿಟಕಿಯ ಬೆಳಕಿಗೆ. ಅವನೂ ಮಾತಾಡಿದ.

"ಅದು... ಏನಂದ್ರೆ... ಮಾತು ಮುಗಿದ ಮೇಲೇ ಭಾವ ಶುರುವಾಗೋದು."

ಆ ಧ್ವನಿಯನ್ನು ಚುಕ್ಕೆ ಎಲ್ಲೋ ಕೇಳಿದ್ದ. ಎಲ್ಲಿ ಎಂದು ಹೊಳೆಯಲು ಎರಡು ಚುಕ್ಕೆಯಷ್ಟು ಹೊತ್ತು ಹಿಡಿಯಿತು. ಅದು ಅವನದೇ ಧ್ವನಿ.

"ಮುಗೀತಲ್ಲ ಮಾತು. ಶುರುವಾಗಿ ಮತ್ತೆ, ಭಾವ" ಎಂದಳು ಸೊಸೆ.

ಚುಕ್ಕೆ ಎರಡೇ ಹೆಜ್ಜೆಗೆ ಟ್ರಯಲ್ ಕೋಣೆ ಮುಟ್ಟಿ ಪರದೆ ಸರಿಸಿದ. ಒಳಗೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಾದಿನಿ ಕುಳಿತಿದ್ದಳು. ಎದುರಿಗೆ ಆಳೆತ್ತರದ ಕನ್ನಡಿ. ಪರದೆಯ ಸಂದಿಯಿಂದ ಅದರಲ್ಲಿ ಟೀವಿ ಎಡಬಲ ತಿರುಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಒಂದು ಕೈ ಸ್ಪೀಕರಿನ ಸದ್ದು ಇಳಿಸುವ ತಿರುಪಿನ ಮೇಲಿತ್ತು. ಇನ್ನೊಂದರಲ್ಲಿ ಮೈಕಿನ ಹಾಗೆ ಹಿಡಿದ ಬಿಳಿ ದಾರದ ಉರುಳೆ.

"ದಾರ ಸಿಕ್ತು ಭಾವ" ಎಂದಳು, ತನ್ನದೇ ಧ್ವನಿಯಲ್ಲಿ.

ಚುಕ್ಕೆಯ ಕಿವಿ ಕೆಂಪಾಗಿತ್ತು. "ಮೂರು ದಿನ" ಎಂದ. "ಮೂರು ದಿನ ಕೂತು ಬರೆದಿದ್ದು ಅದು. ನಾಳೆ ನನ್ನ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ. ನಿನಗೆ ತಮಾಷೆ."

ನಾದಿನಿಯ ಮುಖದಲ್ಲಿದ್ದ ನಗು ಜಾರಿತು. ಉರುಳೆಯನ್ನು ಮಡಿಲಿಗೆ ಇಳಿಸಿದಳು. ಟ್ರಯಲ್ ಕೋಣೆಯ ಪಕ್ಕದ ಹಿಂಬಾಗಿಲಿಂದ ನುಸುಳಿ ಬರುವಾಗ ಇದು ಇಲ್ಲಿಗೆ ಬಂದು ನಿಲ್ಲುತ್ತದೆಂದು ಅವಳು ಅಂದಾಜು ಮಾಡಿರಲಿಲ್ಲ.

"ಅಳಿಯಂದ್ರ ಹೊಟ್ಟೆಪಾಡಿನ ವಿಷಯದಲ್ಲಿ ಹುಡುಗಾಟ ಆಡೋದಾ?" ಎಂದು ಮಾವ ಕತ್ತರಿ ಕೆಳಗಿಟ್ಟರು. "ತಪ್ಪಾಯ್ತು ಅನ್ನು ಮೊದಲು."

"ಅಯ್ಯೋ, ಅದು ಇವಳಾ?" ಎಂದರು ಅತ್ತೆ. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನಿರಾಶೆ ಹೆಚ್ಚಿತ್ತು. "ಹಾಳಾದವಳೇ. ಇವತ್ತು ಅಳಿಯಂದ್ರ ಸೀರಿಯಲ್ಲು ಎಷ್ಟು ಚೆನ್ನಾಗಿ ಕಾಣಿಸ್ತಾ ಇದೆ ಅಂತ ಮನಸ್ಸಲ್ಲೇ ಖುಷಿಪಟ್ಟಿದ್ದೆ."

"ಕಾಣಿಸ್ತಾ?" ಚುಕ್ಕೆ ತಿರುಗಿದ. ನೋವಿನಲ್ಲೂ ಅವನಿಗೆ ತಡೆಯಲಾಗಲಿಲ್ಲ. "ಅತ್ತೆ, ಶುರುವಾದಾಗಿಂದ ನೀವು ಒಂದು ಸಲನಾದ್ರೂ ಕತ್ತು ತಿರುಗಿಸಿದ್ರಾ?"

"ಕತ್ತು ಯಾಕೆ ತಿರುಗಿಸ್ಬೇಕು? ಸೂಜಿ ಕೆಳಗೆ ಬೆರಳಿಟ್ಟು ಕೂತಿದೀನಿ. ನಾವು ಯಾವತ್ತೂ ಕೇಳಿ ನೋಡೋದೇ."

"ಏನಂದ್ರಿ?"

"ಕೇಳಿ ನೋಡ್ತೀವಿ ಅಂದೆ." ಕಿವಿ ಮಂದವಾದವರಿಗೆ ಹೇಳುವಂತೆ ಅತ್ತೆ ಬಿಡಿಸಿ ಹೇಳಿದರು. "ಉಪ್ಪು ಸರಿ ಇದೆಯಾ ಅಂತ ನಾಲಿಗೇಲಿ ನೋಡ್ತೀವಿ, ಬಟ್ಟೆ ಹೇಗಿದೆ ಅಂತ ಮುಟ್ಟಿ ನೋಡ್ತೀವಿ, ಸೀರಿಯಲ್ಲನ್ನ ಕೇಳಿ ನೋಡ್ತೀವಿ. ಕೈಗೂ ಕಣ್ಣಿಗೂ ಕೆಲಸ ಇದೆ. ಖಾಲಿ ಇರೋದು ಕಿವಿ ಒಂದೇ ತಾನೆ?"

ಚುಕ್ಕೆ ಪರದೆ ಬಿಟ್ಟು ಸ್ಟೂಲಿಗೆ ಬಂದು ಕುಳಿತ. ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟು, ಚೀಲಕ್ಕೆ ಕೈ ಹಾಕಿ ರಬ್ಬರ್ ಬ್ಯಾಂಡಿನ ಕಟ್ಟು ತೆಗೆದ. 'ಉತ್ತರ ಇಲ್ಲ.' ಬ್ಯಾಂಡು ಎಳೆದ. ಅದು ಹಾರಿ ಮಾವನ ಅಳತೆ ಟೇಪಿನ ಮೇಲೆ ಬಿತ್ತು. ಇಷ್ಟು ದಿನ ಅವನು ಉತ್ತರ ನೋಡಿದ್ದ, ಉತ್ತರ ಹೇಳಿದವರ ಕಸುಬಿನ ಸಾಲು ನೋಡಿರಲಿಲ್ಲ. ಈಗ ಒಂದೊಂದೇ ಓದಿದ.

"ಗಡಿಯಾರ ರಿಪೇರಿ: ಕೇಳಿ ನೋಡ್ತೀವಿ. ಪುಸ್ತಕ ಬೈಂಡಿಂಗ್: ಕೇಳಿ ನೋಡ್ತೀವಿ. ಹೋಟೆಲಲ್ಲಿ ಈರುಳ್ಳಿ ಹೆಚ್ಚೋರು: ಕೇಳಿ ನೋಡ್ತೀವಿ, ಕಣ್ಣಲ್ಲಿ ನೀರು. ಬೇಕರಿಯಲ್ಲಿ ಹಿಟ್ಟು ನಾದೋರು. ಪಾತ್ರೆ ತೊಳೆಯೋರು. ಮೂರು ತಿಂಗಳ ಮಗು ಮಲಗಿಸೋರು..." ಕಟ್ಟನ್ನು ತೊಡೆಗೆ ಇಳಿಸಿದ. "ಇಪ್ಪತ್ತಾರು ಜನ ಉತ್ತರ ಕೈಗೆ ಕೊಟ್ಟಿದ್ದಾರೆ. ನಾನು ಇವರೆಲ್ಲ ಗಂಡನ್ನ ಕೇಳಿ ನೋಡ್ತೀವಿ ಅಂತಿದಾರೆ ಅಂದ್ಕೊಂಡು..."

"ಗಡಿಯಾರ ರಿಪೇರಿಯವನೂ ಗಂಡನ್ನ ಕೇಳ್ತಾನೆ ಅಂದ್ಕೊಂಡ್ರಾ ಭಾವ?" ನಾದಿನಿ ಪರದೆಯ ಸಂದಿಯಿಂದ ಮೂಗಷ್ಟೇ ಹೊರಗೆ ಹಾಕಿ, ತುಸು ಅಳುಕಿನಲ್ಲೇ ಕೇಳಿದಳು.

ಚುಕ್ಕೆಗೆ ನಗು ಮೊದಲು ಮೂಗಿನಿಂದ ಗಾಳಿಯ ಹಾಗೆ ಬಂತು. ಆ ಮೈದುನ, ಬಲಗೈ, ಹಳೇ ಕಬ್ಬಿಣದ ಪೆಟ್ಟಿಗೆ, ಊಟದ ಮೇಜು. ಯಾರಿಗೆ ಹೇಳುತ್ತಿದ್ದಾನೆ ಎಂದು ತಾನು ಕೇಳಿದ್ದು. ಅತ್ತೆಗೆ ಹೇಳುತ್ತಿದ್ದ. ಈರುಳ್ಳಿಯವರಿಗೆ ಹೇಳುತ್ತಿದ್ದ. ತಾನು ಮೂರು ದಿನ ಎಣಿಸಿ ಎಣಿಸಿ ಚುಕ್ಕೆ ಇಟ್ಟದ್ದು ಕೆಲಸ ಮಾಡುವ ಬೆನ್ನುಗಳಿಗೆ. ಬೆನ್ನುಗಳು 'ಸೌಂಡು ಹೋಯ್ತಾ' ಎಂದು ಕೇಳಿದ್ದವು.

ಮೇಜಿನ ಮೇಲಿದ್ದ ಸೀಮೆಸುಣ್ಣ ಎತ್ತಿಕೊಂಡು, 'ಉತ್ತರ ಇಲ್ಲ' ಎಂದಿದ್ದ ಕಾಗದದ ಮೇಲೇ ದಪ್ಪ ಅಕ್ಷರದಲ್ಲಿ ಬರೆದ: 'ಜನ ಧಾರಾವಾಹಿಯನ್ನು ಕೇಳಿ ನೋಡುತ್ತಾರೆ, ನಾವು ಕೇಳಿಸುತ್ತಿಲ್ಲ.' ಒಂದು ಸಾಲು. ಕೊನೆಯ ಪೂರ್ಣವಿರಾಮ ಬಿಟ್ಟರೆ ಚುಕ್ಕೆ ಇಲ್ಲ.

"ಇದನ್ನ ಮೇಡಮ್ ಒಪ್ತಾರಾ?" ಎಂದರು ಮಾವ.

"ಕೇಳಿ ನೋಡ್ತೀನಿ" ಎಂದ ಚುಕ್ಕೆ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಕೇಳಿಸಿತು.

ಅಲ್ಲಿಗೆ ಕಟ್ಟೆ ಒಡೆಯಿತು. ಇಸ್ತ್ರಿಯಣ್ಣ ಮೊದಲು ನಕ್ಕ, ಮಾವ ಟೇಪಿನಲ್ಲಿ ಕಣ್ಣೊರೆಸಿಕೊಂಡರು, ಅತ್ತೆ ಸೂಜಿಯಿಂದ ಬೆರಳನ್ನು ಜೋಪಾನವಾಗಿ ಹೊರಗೆ ತೆಗೆದು ಆಮೇಲೆ ನಕ್ಕರು. ನಾದಿನಿ ಬಕೆಟ್ಟು ಬಿಟ್ಟು ಹೊರಗೆ ಬಂದಳು. ಅಷ್ಟರಲ್ಲಿ ಮೇಜಿನ ಮೇಲೆ ಮರೆತಿದ್ದ ಫೋನಿನಿಂದ ನಿರ್ದೇಶಕರ ಸಣ್ಣ ಧ್ವನಿ ಕೇಳಿಸಿತು.

"ಹಲೋ, ಹಲೋ, ಇಡಬೇಡಿ ಮಾರಾಯ. ಮೂಗಿನ ಧ್ವನಿಯವಳು, ಫೋನಲ್ಲಿ ಚಾಡಿ ಹೇಳ್ತೀರಾ ಅಂದವಳು, ಆಮೇಲೆ ಗಂಡ, ಆಮೇಲೆ ಗಡಿಯಾರದವನು. ಎಲ್ಲ ಕೇಳಿಸ್ಕೊಳ್ತಾ ಇದೀನಿ, ಕಣ್ಣಿಗೆ ಕಟ್ಟಿದ ಹಾಗಿದೆ. ಯಾವ ಸೀರಿಯಲ್ಲು ಹಾಕಿದೀರಿ ಅಲ್ಲಿ? ನಮ್ಮ ಕೊಳಲು ನಾನು ಆಗಲೇ ಆರಿಸಿಬಿಟ್ಟೆ."

ಚುಕ್ಕೆ ಉತ್ತರ ಕೊಡಲು ಬಾಯಿ ತೆರೆದ. ಮಾತು ಬರಲಿಲ್ಲ, ಚುಕ್ಕೆಯೂ ಬರಲಿಲ್ಲ. ನಗುವೇ ಬಂತು, ಇಪ್ಪತ್ತಾರು ಫಾರಮುಗಳೂ ತೊಡೆಯಿಂದ ಜಾರಿ ನೆಲದ ತುಂಬ ಹರಡುವಷ್ಟು ನಗು. ಸ್ಟೂಲು ಆ ದಿನ ಮೊದಲ ಸಲ ಕಿರುಗುಟ್ಟಿತು. ಕಿಟಕಿಯ ಹೊರಗೆ ಹೋಗುತ್ತಿದ್ದವರು ನಿಂತು ಇಣುಕಿದರು. ಉಳಿದ ನಾಲ್ವರು ನಕ್ಕು ಸುಸ್ತಾಗಿ, ಉಸಿರು ಎಳೆದುಕೊಂಡು, ತಂತಮ್ಮ ಸೂಜಿ ಕತ್ತರಿ ಹುಡುಕಿಕೊಳ್ಳತೊಡಗಿದ ಮೇಲೂ ಅವನೊಬ್ಬನೇ, ಎಲ್ಲರಿಗಿಂತ ಗಟ್ಟಿಯಾಗಿ, ತಿರುಗಿ ನೋಡದವರಿಗೂ ಕೇಳಿ ನೋಡಲು ಸಿಗುವಷ್ಟು ಗಟ್ಟಿಯಾಗಿ, ನಗುತ್ತಲೇ ಇದ್ದ.